1992ರ ಮಾಜ್ದಾ ಎಂಎಕ್ಸ್-5ಕ್ಕೆ ನಿಸಾನ್ ಲೀಫ್ ಮೋಟಾರು: ಭಾರ ಹೆಚ್ಚಿಸದೆ ಮಾಡುವುದು ಹೇಗೆ?

ತೆರೆದ_ಮಾಡು (ಸ್ಲೌ, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1992ರ ಎಂಎಕ್ಸ್-5 ಇದೆ, ಮಾಡು ತೆರೆಯುವ ಎರಡು ಸೀಟಿನ ಪುಟ್ಟ ಕಾರು. 1.6 ಲೀಟರ್ ಇಂಜಿನ್, ಐದು ಗೇರು, ಮೇಲೆದ್ದು ಬರುವ ಹೆಡ್‌ಲೈಟುಗಳು. ಪವರ್ ಸ್ಟಿಯರಿಂಗ್ ಇಲ್ಲ, ಎಬಿಎಸ್ ಇಲ್ಲ. ಹಿಂದಿನ ಮಾಲೀಕರು ಬಾಗಿಲ ಕೆಳಗಿನ ತುಕ್ಕು ಹಿಡಿದ ಸಿಲ್‌ಗಳನ್ನು ಕತ್ತರಿಸಿ ಹೊಸ ತಗಡು ಹಾಕಿಸಿದ್ದರಿಂದ ಮೈ ಗಟ್ಟಿಯಾಗಿದೆ. ಇಂಜಿನ್ ಮಾತ್ರ ಸೋತಿದೆ: ಎಣ್ಣೆ ಸುಡುತ್ತಿದೆ, ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಬಿದ್ದಿದೆ.

ನನ್ನ ಕೆಲಸ ಲಂಡನ್ನಿನ ಹೌನ್ಸ್‌ಲೋದಲ್ಲಿ. 2023ರ ಆಗಸ್ಟ್ 29ರಿಂದ ಹೊಗೆ ಹೆಚ್ಚು ಉಗುಳುವ ವಾಹನಗಳಿಗೆ ಶುಲ್ಕ ಹಾಕುವ ಯುಲೆಜ್ ವಲಯ ಲಂಡನ್ನಿನ ಎಲ್ಲ ಬರೋಗಳಿಗೂ ಹಬ್ಬಿದೆ. ಈ ಕಾರು ಹೊಗೆಯ ಮಿತಿ ಹೇಳುವ ಯೂರೋ 4 ಮಟ್ಟ ಮುಟ್ಟುವುದಿಲ್ಲ, ಹಾಗಾಗಿ ವಲಯದೊಳಗೆ ಓಡಿಸಿದ ಪ್ರತಿ ದಿನಕ್ಕೂ 12.50 ಪೌಂಡ್ ಕಟ್ಟಬೇಕು. ನಲವತ್ತು ವರ್ಷ ತುಂಬಿದ ಕಾರಿಗೆ ವಿನಾಯಿತಿ ಸಿಗುತ್ತದೆ, ಆದರೆ ಅದಕ್ಕೆ ಇನ್ನೂ ಹಲವು ವರ್ಷ ಕಾಯಬೇಕು.

ಇಂಜಿನ್ ಬಿಚ್ಚಿ ಸರಿಪಡಿಸುವ ಬದಲು ಗುಜರಿಗೆ ಬಂದ ನಿಸಾನ್ ಲೀಫ್ ವಿದ್ಯುತ್ ಕಾರೊಂದರ ಮೋಟಾರು, ಬ್ಯಾಟರಿ, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ತೆಗೆದು ಇದಕ್ಕೆ ಕೂರಿಸಬೇಕೆಂದಿದ್ದೇನೆ. 2013ರಿಂದ ಯುರೋಪಿನ ಲೀಫ್ ಕಾರುಗಳು ಇಲ್ಲಿನ ಸಂಡರ್‌ಲ್ಯಾಂಡ್‌ನಲ್ಲೇ ತಯಾರಾದ್ದರಿಂದ ಅಪಘಾತಕ್ಕೀಡಾದ ಕಾರುಗಳು ಸುಲಭವಾಗಿ ಸಿಗುತ್ತವೆ. ದಿನದ ಓಡಾಟ ಐವತ್ತು ಕಿಲೋಮೀಟರಿನೊಳಗೆ. ಭಾನುವಾರ ಕಾಟ್ಸ್‌ವೋಲ್ಡ್ಸ್ ಕಡೆ ಹೋಗಿಬರುವ ಆಸೆ ಇದೆ.

ನನಗಿರುವ ಒಂದೇ ಭಯ ಭಾರದ್ದು. 960 ಕೆ.ಜಿ.ಯ ಕಾರು ಇದು. ತಿರುವಿನಲ್ಲಿ ಮೈ ಹಗುರವಾಗಿ ಹೊರಳುವುದೇ ಇದರ ಜೀವ. ಅದನ್ನು ಕಳೆದುಕೊಳ್ಳುವುದಾದರೆ ಈ ಕೆಲಸವೇ ಬೇಡ. ಅನುಭವವುಳ್ಳವರು ದಯವಿಟ್ಟು ಬರೆಯಿರಿ.

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಸರಿಯಾದ ಪ್ರಶ್ನೆಯಿಂದ ಆರಂಭಿಸಿದ್ದೀರಿ. ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಕಿಲೋವ್ಯಾಟ್, ಎಷ್ಟು ಕಿಲೋಮೀಟರ್ ಎಂದು. ಭಾರವನ್ನು ಕೊನೆಯಲ್ಲಿ ನೋಡುತ್ತಾರೆ, ಆ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇದೇ ಮಾದರಿಯ ಕಾರನ್ನು ನಾನು ಪರಿವರ್ತಿಸಿ ಓಡಿಸುತ್ತಿದ್ದೇನೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಶಕ್ತಿಯ ಲೆಕ್ಕ. ನಿಮ್ಮ ಇಂಜಿನ್ ಹೊಸದಾಗಿದ್ದಾಗ ಕೊಡುತ್ತಿದ್ದದ್ದು ಸುಮಾರು 85 ಕಿಲೋವ್ಯಾಟ್. ಮೊದಲ ತಲೆಮಾರಿನ ಲೀಫ್ ಮೋಟಾರು 80 ಕಿಲೋವ್ಯಾಟ್. ಅಂದರೆ ಹೆಚ್ಚುಕಡಿಮೆ ಅಷ್ಟೇ. ಇದನ್ನು ಕೊರತೆಯೆಂದು ನೋಡಬೇಡಿ. ಕಾರಿನ ಬ್ರೇಕು, ಸಸ್ಪೆನ್ಷನ್, ಟೈರು ಎಲ್ಲವೂ ಆ ಶಕ್ತಿಗೆ ಅಳೆದು ಮಾಡಿದಂಥವು. ಟೆಸ್ಲಾದ ಹಿಂಬದಿ ಮೋಟಾರು ಹಾಕಿ ಮೂರು ಪಟ್ಟು ಶಕ್ತಿ ಕೊಟ್ಟವರನ್ನು ನೋಡಿದ್ದೇನೆ. ಶಕ್ತಿಗೆ ತಕ್ಕ ಬ್ಯಾಟರಿ, ಬ್ಯಾಟರಿಗೆ ತಕ್ಕ ಸ್ಪ್ರಿಂಗು, ಅದಕ್ಕೆ ತಕ್ಕ ಬ್ರೇಕು ಎಂದು ಬೆಳೆಯುತ್ತಾ ಹೋಗಿ ಕೊನೆಗೆ ಅದು ಎಂಎಕ್ಸ್-5ರ ಚರ್ಮ ಹೊದ್ದ ಬೇರೆಯೇ ಕಾರಾಗುತ್ತದೆ.

ಇನ್ನು ಗೇರ್‌ಬಾಕ್ಸ್. ಉಳಿಸಿಕೊಳ್ಳಿ. ಈ ಕಾರಿನ ಕೆಳಗೆ ಮಲಗಿ ನೋಡಿದರೆ ಗೇರ್‌ಬಾಕ್ಸಿನ ಹಿಂಭಾಗದಿಂದ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂನ ಉದ್ದನೆಯ, ರಂಧ್ರಗಳಿರುವ ತೊಲೆಯೊಂದು ಕಾಣುತ್ತದೆ. ಪವರ್ ಪ್ಲಾಂಟ್ ಫ್ರೇಮ್ ಎಂದು ಮಾಜ್ದಾದವರು ಕರೆಯುವುದು ಅದನ್ನೇ. ವೇಗ ಹೆಚ್ಚಿಸಿದಾಗ ಡಿಫರೆನ್ಷಿಯಲ್‌ನ ಮೂಗು ಮೇಲೇಳದಂತೆ ಹಿಡಿಯುವುದು ಆ ತೊಲೆ. ಗೇರ್‌ಬಾಕ್ಸ್ ಕಿತ್ತರೆ ತೊಲೆಯ ಒಂದು ತುದಿಗೆ ಆಸರೆ ಹೋಗುತ್ತದೆ, ಹೊಸ ಆಧಾರವನ್ನು ನೀವೇ ವಿನ್ಯಾಸ ಮಾಡಬೇಕಾಗುತ್ತದೆ. ಗೇರ್‌ಬಾಕ್ಸ್ ಇದ್ದಲ್ಲೇ ಇದ್ದರೆ ಸ್ಪೀಡೋಮೀಟರಿನ ಕೇಬಲ್ಲೂ ಹಾಗೆಯೇ ಕೆಲಸ ಮಾಡುತ್ತದೆ.

ಮೋಟಾರನ್ನು ಗೇರ್‌ಬಾಕ್ಸಿಗೆ ಜೋಡಿಸಲು ಒಂದು ಅಡಾಪ್ಟರ್ ಫಲಕ ಮತ್ತು ಎರಡು ಶಾಫ್ಟುಗಳನ್ನು ಬೆಸೆಯುವ ಒಂದು ಕಪ್ಲರ್ ಬೇಕು. ಎಲ್ಲ ಹಣವನ್ನೂ ಬೇರೆಡೆ ಉಳಿಸಿ, ಇಲ್ಲಿ ಉಳಿಸಬೇಡಿ. ಮೋಟಾರು ನಿಮಿಷಕ್ಕೆ 10,000 ಸುತ್ತಿನವರೆಗೆ ತಿರುಗುತ್ತದೆ. ಎರಡು ಶಾಫ್ಟುಗಳ ಮಧ್ಯರೇಖೆ ಕೂದಲೆಳೆಯಷ್ಟು ತಪ್ಪಿದರೂ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಬಲುಬೇಗ ಸವೆಯುತ್ತದೆ. ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ ನೋಡಿದಾಗ ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಅಲುಗಬಾರದು ಎಂಬುದು ನನ್ನ ಲೇತ್ ಕೆಲಸಗಾರರ ಪಟ್ಟು. ಆ ಪಟ್ಟನ್ನು ಗೌರವಿಸಿ.

—

ಕಾವೇರಿ_ಕಣಿವೆ (ಮೈಸೂರು)

ಕ್ಷಮಿಸಿ, ನಾನು ಎದುರು ಮಾತಾಡಲೇಬೇಕು. ಹಳೆಯ ಕಾರಿನ ಇಂಜಿನ್ ತೆಗೆಯುವುದೆಂದರೆ ಅದರ ಪ್ರಾಣವನ್ನೇ ತೆಗೆದಂತೆ. ಆ ಕಾರು ನೆನಪಿಗೆ ಬಂದರೆ ನನಗೆ ಮೊದಲು ಬರುವುದು ಅದರ ಎಕ್ಸಾಸ್ಟ್ ದನಿ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ಕೂಡ ಹೀಗೆ ಪರಿವರ್ತಿಸಿದ ಕಾರನ್ನು ಐತಿಹಾಸಿಕ ವಾಹನವೆಂದು ಒಪ್ಪುವುದಿಲ್ಲ. ಇಂಜಿನ್ ದುರಸ್ತಿ ಮಾಡಿಸಿ, ವಾರಾಂತ್ಯಕ್ಕೆ ಮಾತ್ರ ಓಡಿಸಿ. ಕಚೇರಿಗೆ ರೈಲಿದೆಯಲ್ಲ?

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಮೈಸೂರಿನವರ ಮಾತನ್ನು ತಳ್ಳಿಹಾಕುವುದಿಲ್ಲ. ಬೆರಳೆಣಿಕೆಯಷ್ಟು ಉಳಿದಿರುವ ಕಾರಾಗಿದ್ದರೆ ನಾನೂ ಬೇಡವೆನ್ನುತ್ತಿದ್ದೆ. ಆದರೆ ಎಂಎಕ್ಸ್-5 ಹತ್ತು ಲಕ್ಷದ ಗಡಿಯನ್ನು 2016ರಲ್ಲೇ ದಾಟಿತು. ಮೊದಲ ತಲೆಮಾರಿನವೇ ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಒಂದು ಕಾರು ಬೇರೆ ದಾರಿ ಹಿಡಿದರೆ ಇತಿಹಾಸಕ್ಕೆ ನಷ್ಟವಿಲ್ಲ.

ಆದರೂ ಫಿವಾದವರ ಒಂದು ಸಲಹೆ ನನಗೆ ಪೂರ್ತಿ ಒಪ್ಪಿಗೆ: ಬದಲಾವಣೆ ಮಾಡುವುದಾದರೆ ಹಿಂದಕ್ಕೆ ಮರಳಿಸಲು ಬರುವಂತಿರಲಿ. ಮೈಯನ್ನು ಎಲ್ಲಿಯೂ ಕತ್ತರಿಸಬೇಡಿ. ಇರುವ ಬೋಲ್ಟ್ ರಂಧ್ರಗಳಿಗೇ ಎಲ್ಲ ಆಧಾರಗಳನ್ನೂ ಬಿಗಿಯಿರಿ. ಜಾಗ್ವಾರ್ ಕಂಪನಿ 2017ರಲ್ಲಿ ತನ್ನ ಇ-ಟೈಪ್ ಅನ್ನು ವಿದ್ಯುತ್ತಿಗೆ ತಿರುಗಿಸಿ ಇ-ಟೈಪ್ ಝೀರೋ ಎಂದು ತೋರಿಸಿದಾಗಲೂ ಹಳೆಯ ಇಂಜಿನ್ ಮತ್ತು ಗೇರ್‌ಬಾಕ್ಸ್ ಇದ್ದ ಜಾಗದಲ್ಲೇ ಬ್ಯಾಟರಿ, ಮೋಟಾರು ಕೂರಿಸಿತ್ತು. ಮುಂದಿನ ವರ್ಷ ರಾಜಕುಮಾರ ಹ್ಯಾರಿ ತಮ್ಮ ಮದುವೆಯ ದಿನ ಓಡಿಸಿದ್ದು ಅದನ್ನೇ. ಹೊರಗಿನಿಂದ ನೋಡಿದವರಿಗೆ ಅದು ಅದೇ ಕಾರು.

ಇಂಜಿನ್ನಿಗೆ ಎಣ್ಣೆ ಸವರಿ, ಸಿಲಿಂಡರುಗಳೊಳಗೂ ನಾಲ್ಕು ಹನಿ ಬಿಟ್ಟು, ಗಾಳಿಯಾಡದಂತೆ ಸುತ್ತಿ ಗ್ಯಾರೇಜಿನ ಮೂಲೆಯಲ್ಲಿಡಿ.

—

ಕೋಶ_ಮತ್ತು_ಕಾವು (ಬೆಂಗಳೂರು)

ನಾನು ಬ್ಯಾಟರಿ ವಿಭಾಗದಲ್ಲಿ ಕೆಲಸ ಮಾಡುವವಳು, ಆದ್ದರಿಂದ ಆ ಭಾಗ ಮಾತ್ರ ಬರೆಯುತ್ತೇನೆ.

ಲೀಫ್‌ನ 24 ಕಿಲೋವ್ಯಾಟ್-ಅವರ್ ಬ್ಯಾಟರಿಯಲ್ಲಿ 48 ಮಾಡ್ಯೂಲುಗಳಿವೆ. ಪ್ರತಿಯೊಂದೂ ಸುಮಾರು 3.8 ಕೆ.ಜಿ., ತೆಳುವಾದ ತಗಡಿನ ಡಬ್ಬಿ, ಒಳಗೆ ನಾಲ್ಕು ಕೋಶಗಳು. ಪೂರ್ತಿ ಪ್ಯಾಕ್ 290 ಕೆ.ಜಿ. ದಾಟುತ್ತದೆ, ಆದರೆ ಬರಿಯ ಮಾಡ್ಯೂಲುಗಳ ತೂಕ 182 ಕೆ.ಜಿ. ಮಾತ್ರ. ಉಳಿದದ್ದೆಲ್ಲ ಉಕ್ಕಿನ ಕವಚ, ಚೌಕಟ್ಟು, ತಂತಿ. ಲೀಫ್‌ನಲ್ಲಿ ಆ ಕವಚ ಕಾರಿನ ಹೊಟ್ಟೆಯ ಕೆಳಗೆ ಹೊರಗೇ ಇರುವುದರಿಂದ ಅಷ್ಟು ಗಟ್ಟಿಯಾಗಿರಬೇಕು. ನಿಮ್ಮಲ್ಲಿ ಮೈಯೊಳಗೇ ಕೂರುವುದರಿಂದ ಹಗುರವಾದ ಅಲ್ಯೂಮಿನಿಯಂ ಪೆಟ್ಟಿಗೆ ಸಾಕು. ಭಾರ ಉಳಿಸುವ ಮೊದಲ ಅವಕಾಶ ಇದು.

ಎರಡನೆಯ ಅವಕಾಶ ಇನ್ನೂ ದೊಡ್ಡದು. 2018ರಿಂದ ಬಂದ 40 ಕಿಲೋವ್ಯಾಟ್-ಅವರ್ ಲೀಫ್‌ನ ಪ್ಯಾಕ್ ತೂಕ ಹೆಚ್ಚುಕಡಿಮೆ ಹಳೆಯದರಷ್ಟೇ. ಅದರಲ್ಲಿ ಎಂಟೆಂಟು ಕೋಶಗಳ 24 ಮಾಡ್ಯೂಲುಗಳಿವೆ, ಒಂದೊಂದು ಸುಮಾರು 8.7 ಕೆ.ಜಿ. ಒಟ್ಟು 209 ಕೆ.ಜಿ. ಹಳೆಯದಕ್ಕಿಂತ 27 ಕೆ.ಜಿ. ಹೆಚ್ಚಾದರೂ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚು. ಸರಣಿಯಲ್ಲಿ 96 ಕೋಶಗಳೆಂಬ ಲೆಕ್ಕ ಎರಡರಲ್ಲೂ ಒಂದೇ. ಹಾಗಾಗಿ ಹಳೆಯ ಮೋಟಾರು, ಇನ್ವರ್ಟರುಗಳಿಗೆ ಬೇಕಾದ ವೋಲ್ಟೇಜ್ ಬದಲಾಗುವುದಿಲ್ಲ.

ಇಷ್ಟು ಚಿಕ್ಕ ಕಾರು ಕಿಲೋಮೀಟರಿಗೆ ಸುಮಾರು 150 ವ್ಯಾಟ್-ಅವರ್ ಖರ್ಚು ಮಾಡುತ್ತದೆಂದು ಇಟ್ಟುಕೊಳ್ಳಿ. ಮಾಡು ತೆರೆದು ಮೋಟಾರ್‌ವೇಯಲ್ಲಿ ಹೋದರೆ ಗಾಳಿಯ ತಡೆ ಹೆಚ್ಚಿ ಖರ್ಚೂ ಹೆಚ್ಚುತ್ತದೆ. ಹಳೆಯ 24ರ ಪ್ಯಾಕ್ ಬಳಸಿ ಸವೆದು 17ಕ್ಕೆ ಇಳಿದಿದ್ದರೆ 110 ಕಿಲೋಮೀಟರ್ ಸಿಗುತ್ತದೆ. 40ರದ್ದು 33ಕ್ಕೆ ಇಳಿದಿದ್ದರೂ 220. ಕಾಟ್ಸ್‌ವೋಲ್ಡ್ಸ್‌ಗೆ ಹೋಗಿಬರಲು ಇಷ್ಟು ಸಾಕಲ್ಲವೇ? ಇದಕ್ಕಿಂತ ದೊಡ್ಡದರ ಆಸೆ ಬೇಡ.

ಲೀಫ್‌ನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇಲ್ಲ. ಅಮೆರಿಕದ ಅರಿಜೋನಾದಂಥ ಬಿಸಿ ನಾಡಿನಲ್ಲಿ ಮೊದಲ ವರ್ಷಗಳ ಪ್ಯಾಕ್‌ಗಳು ಬೇಗ ಸೊರಗಿದ್ದಕ್ಕೆ ಅದೇ ಕಾರಣ. ಇಂಗ್ಲೆಂಡಿನ ಹವೆಗೆ ಚಿಂತೆಯಿಲ್ಲ. ಇದನ್ನೇ ನೋಡಿಕೊಂಡು ನಮ್ಮ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಯಾರೂ ಹಾಗೆಯೇ ನಕಲು ಮಾಡಬಾರದೆಂದು ಹೇಳುತ್ತಿದ್ದೇನೆ.

—

ತೆರೆದ_ಮಾಡು (ಸ್ಲೌ)

ಮೇಡಂ, ಬಹಳ ಉಪಕಾರವಾಯಿತು. 40ರದ್ದನ್ನೇ ಹುಡುಕುತ್ತೇನೆ. ಮಾಡ್ಯೂಲುಗಳನ್ನು ಎಲ್ಲಿ ಇಡುವುದು? ಡಿಕ್ಕಿಯಲ್ಲಿ ಜಾಗವಿದೆ. ಬಿಡಿ ಚಕ್ರ ತೆಗೆದರೆ ಇನ್ನೂ ಹೆಚ್ಚು.

—

ಹುಬ್ಬಳ್ಳಿ_ಗ್ಯಾರೇಜ್ (ಹುಬ್ಬಳ್ಳಿ)

ಡಿಕ್ಕಿಯಲ್ಲಿ ಬೇಡವೇ ಬೇಡ. ಹಿಂದಿನಿಂದ ಯಾರಾದರೂ ಗುದ್ದಿದಾಗ ಮುದುಡಿ ಪೆಟ್ಟು ತಿನ್ನುವುದಕ್ಕೆಂದೇ ಆ ಭಾಗ ಇರುವುದು. ಅಲ್ಲಿ 350 ವೋಲ್ಟಿನ ಬ್ಯಾಟರಿ ಇಟ್ಟರೆ ಪೆಟ್ಟು ನೇರ ಅದಕ್ಕೇ. ಜೊತೆಗೆ ಹಿಂದಿನ ಆಕ್ಸಲ್‌ನ ಆಚೆ ಭಾರ ಹೇರಿದರೆ ತಿರುವಿನಲ್ಲಿ ಬಾಲ ಎಳೆಯುತ್ತದೆ. ಮೂವತ್ತು ವರ್ಷದಿಂದ ಗುದ್ದಿಸಿಕೊಂಡ ಕಾರುಗಳನ್ನು ನೆಟ್ಟಗೆ ಮಾಡುತ್ತಿರುವವನು ನಾನು. ಕಾರಿನಲ್ಲಿ ಪೆಟ್ರೋಲ್ ಟ್ಯಾಂಕನ್ನು ಎಲ್ಲಿ ಇಟ್ಟಿರುತ್ತಾರೋ ಅದೇ ಅತಿ ಕ್ಷೇಮದ ಜಾಗ. ಆ ವಿಚಾರವನ್ನು ಕಂಪನಿಯ ಇಂಜಿನಿಯರುಗಳು ನಮಗಿಂತ ಮೊದಲೇ ಮಾಡಿರುತ್ತಾರೆ.

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಹುಬ್ಬಳ್ಳಿಯವರು ನೂರಕ್ಕೆ ನೂರು ಸರಿ. ಈ ಕಾರಿನ 45 ಲೀಟರಿನ ಟ್ಯಾಂಕು ಸೀಟುಗಳ ಹಿಂದೆ, ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲಿದೆ. ಅದನ್ನು ಇಳಿಸಿ ಆ ಗೂಡಿನಲ್ಲಿ ಒಂದು ಪೆಟ್ಟಿಗೆ. ಉಳಿದದ್ದು ಮುಂದೆ, ಇಂಜಿನ್ ಇದ್ದ ಜಾಗದಲ್ಲಿ, ಆದಷ್ಟು ಹಿಂದಕ್ಕೆ ಮತ್ತು ಆದಷ್ಟು ಕೆಳಕ್ಕೆ. ಮೋಟಾರು ಚಿಕ್ಕದು, ಗೇರ್‌ಬಾಕ್ಸಿನ ಮೂತಿಗೆ ಅಂಟಿಕೊಂಡು ಕೂರುತ್ತದೆ. ಅದರ ಮುಂದೆ ಮತ್ತು ಮೇಲೆ ಬ್ಯಾಟರಿ ಪೆಟ್ಟಿಗೆ ಬರಬೇಕು. ರೇಡಿಯೇಟರಿನ ಜಾಗದವರೆಗೆ ಮುಂದಕ್ಕೆ ತಳ್ಳಬೇಡಿ.

—

ಕರಾವಳಿ_ದೂರ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಭಾರದ ಮಾತು ಬಂದಿದ್ದರಿಂದ ಇಲ್ಲಿನ ಹಳೆಯ ಕಥೆಯೊಂದನ್ನು ಸೇರಿಸುತ್ತೇನೆ. ನಮ್ಮ ಕಡೆ ಮನೆಯಲ್ಲೇ ಪರಿವರ್ತನೆ ಮಾಡುವವರ ಅಚ್ಚುಮೆಚ್ಚಿನ ಕಾರು ಒಂದು ಕಾಲಕ್ಕೆ ಪೋರ್ಷೆ 914. 1969ರಿಂದ 1976ರವರೆಗೆ ಬಂದ ಈ ಕಾರಿನ ಇಂಜಿನ್ ಮಧ್ಯದಲ್ಲಿ, ಡಿಕ್ಕಿ ಹಿಂದೊಂದು ಮುಂದೊಂದು. ಹೆಚ್ಚಿನವುಗಳಲ್ಲಿ ಇದ್ದದ್ದು ಫೋಕ್ಸ್‌ವ್ಯಾಗನ್ ಮೂಲದ ನಾಲ್ಕು ಸಿಲಿಂಡರಿನ ಇಂಜಿನ್, ಅದನ್ನು ತೆಗೆಯಲು ಯಾರಿಗೂ ಅಷ್ಟು ಸಂಕಟವಾಗುತ್ತಿರಲಿಲ್ಲ. ಆಗ ಇದ್ದದ್ದು ಸೀಸದ ಬ್ಯಾಟರಿಗಳು ಮಾತ್ರ. ಕಾರಿನ ತುಂಬ ಅವನ್ನು ಹೇರಿದರೂ ಹತ್ತಿರದ ಪೇಟೆಗೆ ಹೋಗಿಬರುವಷ್ಟೇ ದೂರ ಸಿಗುತ್ತಿತ್ತು.

ಆ ಗೋಡೆ ಒಡೆದದ್ದು ಎಸಿ ಪ್ರೊಪಲ್ಷನ್ ಕಂಪನಿಯ ಟಿ-ಝೀರೋ. 1997ರಲ್ಲಿ ಸೀಸದ ಬ್ಯಾಟರಿಯೊಂದಿಗೆ ಬಂದ ಆ ಸ್ಪೋರ್ಟ್ಸ್ ಕಾರಿಗೆ 2003ರಲ್ಲಿ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಸಣ್ಣ ಲಿಥಿಯಂ ಕೋಶಗಳನ್ನು ಸಾವಿರಗಟ್ಟಲೆ ಜೋಡಿಸಿದರು. ಭಾರ ಇಳಿಯಿತು, ದೂರ ಏರಿತು. ಅದನ್ನು ಕಂಡವರೇ ಮುಂದೆ ಟೆಸ್ಲಾ ರೋಡ್‌ಸ್ಟರ್ ಮಾಡಿದ್ದು. 2008ರ ಆ ಕಾರು ಲೋಟಸ್ ಎಲೀಸ್‌ನ ಅಡಿಪಾಯದ ಮೇಲೆ ಬೆಳೆದದ್ದು. ಆದರೆ 900 ಕೆ.ಜಿ.ಯ ಆಸುಪಾಸಿನ ಎಲೀಸ್ ಎಲ್ಲಿ, ಸುಮಾರು 1,300 ಕೆ.ಜಿ.ಯ ರೋಡ್‌ಸ್ಟರ್ ಎಲ್ಲಿ! ಲೋಟಸ್ ಪ್ರಿಯರು ಆಗ ಗೊಣಗಿದ್ದು ಸುಮ್ಮನೆ ಅಲ್ಲ.

—

ಕೋಶ_ಮತ್ತು_ಕಾವು (ಬೆಂಗಳೂರು)

ಸೀಸದ ಬ್ಯಾಟರಿ ಎಂದಾಗ ನಮ್ಮೂರಿನ ರೇವಾ ಕಾರನ್ನು ನೆನೆಯದೆ ಇರಲಾರೆ. ಚೇತನ್ ಮೈನಿಯವರ ಕಂಪನಿ 2001ರಲ್ಲಿ ಬೆಂಗಳೂರಿನಿಂದ ಹೊರತಂದ ಆ ಪುಟ್ಟ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು, ಒಟ್ಟು 48 ವೋಲ್ಟ್. ಅದೇ ಕಾರು ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಲೀಫ್ ಹುಟ್ಟುವ ಮುಂಚೆಯೇ ಲಂಡನ್ನಿನವರು ಪ್ಲಗ್ ಹಾಕಿ ಓಡಿಸಿದ್ದು ಬೆಂಗಳೂರಿನ ಕಾರನ್ನು. ಈ ಮಾತು ಅಲ್ಲಿರುವ ನಮ್ಮವರಿಗೆ ತಿಳಿದಿರಲಿ ಎಂದು ಬರೆದೆ. ಕ್ಷಮೆಯಿರಲಿ, ವಿಷಯಕ್ಕೆ ಬರೋಣ.

—

ಹುಬ್ಬಳ್ಳಿ_ಗ್ಯಾರೇಜ್ (ಹುಬ್ಬಳ್ಳಿ)

ಮೇಷ್ಟ್ರೇ, ಒಂದು ಸಂಶಯ. ಮೊದಲ ವರ್ಷಗಳ ಲೀಫ್ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, 280 ನ್ಯೂಟನ್-ಮೀಟರ್ ಎಂದು ಓದಿದ್ದೇನೆ. ಈ ಇಂಜಿನ್ನಿನದು ಅದರ ಅರ್ಧವೂ ಇಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ತಡೆಯುತ್ತವೆಯೇ? ಕ್ಲಚ್ ಇಡುವುದೋ ಬಿಡುವುದೋ?

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಇದನ್ನು ಲೆಕ್ಕ ಹಾಕಿಯೇ ನೋಡೋಣ. 1.6 ಇಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 136 ನ್ಯೂಟನ್-ಮೀಟರ್. ಮೊದಲ ಗೇರಿನ ಅನುಪಾತ 3.136. ಅಂದರೆ ಮೊದಲ ಗೇರಿನಲ್ಲಿ ಡಿಫರೆನ್ಷಿಯಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊರುತ್ತಿದ್ದದ್ದು ಸುಮಾರು 427. ಡಿಫರೆನ್ಷಿಯಲ್ ಮೂವತ್ತು ವರ್ಷ ಅದನ್ನು ತಡೆದುಕೊಂಡಿದೆ.

ಈಗ ಮೋಟಾರಿನ 280 ಅನ್ನು ಮೂರನೆಯ ಗೇರಿನ ಮೂಲಕ ಕಳಿಸಿ. ಅನುಪಾತ 1.330, ಉತ್ತರ 372. ಹಳೆಯ ಮೊದಲ ಗೇರಿಗಿಂತ ಕಡಿಮೆ! ಎರಡನೆಯ ಗೇರಿನಲ್ಲಾದರೆ 1.888ರಿಂದ ಗುಣಿಸಿ 529, ಅದು ಹೆಚ್ಚಾಯಿತು. 1994ಕ್ಕಿಂತ ಮುಂಚಿನ ಕಾರುಗಳಲ್ಲಿರುವುದು ಒಳಗೆ 6 ಇಂಚಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್ ವೀಲ್‌ನ ಡಿಫರೆನ್ಷಿಯಲ್. ಅದು ನಾಜೂಕಿನದೆಂದು ಎಂಎಕ್ಸ್-5 ಬಳಗದಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ಬಂದ 7 ಇಂಚಿನದು ಗಟ್ಟಿ.

ಹಾಗಾಗಿ ಮೂರನೆಯ ಗೇರಿನಲ್ಲೇ ಹೊರಟು, ಮೂರನೆಯ ಗೇರಿನಲ್ಲೇ ಓಡಿಸಿ. 4.3ರ ಡಿಫರೆನ್ಷಿಯಲ್ ಸೇರಿದರೆ ಒಟ್ಟು ಅನುಪಾತ 5.72. ಮೋಟಾರು 8,000 ಸುತ್ತಿಗೆ ಬಂದಾಗ ಕಾರಿನ ವೇಗ ಗಂಟೆಗೆ 150 ಕಿಲೋಮೀಟರ್. ಚಕ್ರಕ್ಕೆ ಮುಟ್ಟುವ ಎಳೆತ ಹಳೆಯ ಮೊದಲ ಗೇರಿನ ಶೇಕಡಾ 87ರಷ್ಟು, ಅದೂ ನಿಂತಲ್ಲಿಂದ ಗಂಟೆಗೆ ಐವತ್ತು ಕಿಲೋಮೀಟರಿನವರೆಗೆ ಒಂದೇ ಸಮ. ಪೆಟ್ರೋಲ್ ಕಾರು ಆ ವೇಗ ಮುಟ್ಟುವಷ್ಟರಲ್ಲಿ ಎರಡನೆಯ ಗೇರಿಗೆ ಬಿದ್ದಾಗಿರುತ್ತದೆ.

ಗೇರ್‌ಬಾಕ್ಸಿನ ಒಳಬರುವ ಶಾಫ್ಟಿಗೆ ಮಾತ್ರ ಎರಡು ಪಟ್ಟು ಹೊರೆ ಬೀಳುತ್ತದೆ, ಅದನ್ನು ಮರೆಯುವಂತಿಲ್ಲ. ನಾನು ಇನ್ವರ್ಟರಿನಲ್ಲಿ ಟಾರ್ಕನ್ನು 200ಕ್ಕೆ ಕಟ್ಟಿಹಾಕಿದ್ದೇನೆ. ಪೆಡಲ್ ಒತ್ತಿದ ಕೂಡಲೇ ಅದೂ ಒಮ್ಮೆಗೆ ಬಾರದೆ ಸೆಕೆಂಡಿನ ಒಂದಂಶದಲ್ಲಿ ಏರುವಂತೆ ಇಟ್ಟಿದ್ದೇನೆ. ಹಲ್ಲುಗಳನ್ನು ಮುರಿಯುವುದು ಸ್ಥಿರವಾದ ಹೊರೆಗಿಂತ ಹಠಾತ್ ಹೊಡೆತ.

ಕ್ಲಚ್ ತೆಗೆದುಬಿಡಿ. ಇಂಜಿನ್ನಿನ ಹಾಗೆ ಸುಮ್ಮನೆ ನಿಂತಾಗ ತಿರುಗುವ ಅಗತ್ಯ ಮೋಟಾರಿಗಿಲ್ಲ. ಫ್ಲೈವೀಲ್, ಕ್ಲಚ್ ಎರಡೂ ಹೋದರೆ ಅಷ್ಟು ಭಾರವೂ ಇಳಿಯುತ್ತದೆ. ರಿವರ್ಸ್ ಕೂಡ ಮೋಟಾರನ್ನೇ ಹಿಂದಕ್ಕೆ ತಿರುಗಿಸಿದರಾಯಿತು. ಇನ್ವರ್ಟರನ್ನು ಲೀಫ್‌ನ ಉಳಿದ ಕಂಪ್ಯೂಟರುಗಳಿಲ್ಲದೆ ಓಡಿಸಲು ಓಪನ್‌ಇನ್ವರ್ಟರ್ ಬಳಗದವರ ತೆರೆದ ತಂತ್ರಾಂಶ, ಸರ್ಕ್ಯೂಟ್ ಬೋರ್ಡುಗಳಿವೆ. ಬಿಡುವಿನ ವೇಳೆಯಲ್ಲಿ ಕೂತು ಈ ಕೆಲಸ ಮಾಡಿ ಜಗತ್ತಿಗೇ ಹಂಚಿದವರಿಗೆ ನಾವೆಲ್ಲ ಋಣಿಗಳು.

—

ಕಾವೇರಿ_ಕಣಿವೆ (ಮೈಸೂರು)

ಒಂದೇ ಗೇರಿನಲ್ಲಿ ಓಡಿಸುವುದಾದರೆ ಗೇರ್ ಹಾಕುವ ಸುಖವೂ ಹೋಯಿತು. ಈ ಕಾರಿನ ಗೇರ್ ಲಿವರ್ ಎಷ್ಟು ಚೆನ್ನಾಗಿ ಬೀಳುತ್ತದೆ ಎಂಬುದು ಓಡಿಸಿದವರಿಗೆ ಮಾತ್ರ ಗೊತ್ತು. ನನ್ನ ಬೇಸರ ಇದು, ವಾದವಲ್ಲ. ಆದರೆ ಲೆಕ್ಕ ಓದಿ ಖುಷಿಯಾಯಿತು, ಅದನ್ನೂ ಹೇಳಬೇಕು. ಒಂದು ಪ್ರಶ್ನೆ: ಪೆಡಲ್ ಬಿಟ್ಟಾಗ ಮೋಟಾರೇ ಬ್ರೇಕ್ ಹಿಡಿದು ಬ್ಯಾಟರಿ ತುಂಬುತ್ತದಲ್ಲ, ಮಳೆಯಲ್ಲಿ ಹಿಂದಿನ ಚಕ್ರಗಳಷ್ಟೇ ಬ್ರೇಕ್ ಹಿಡಿದರೆ ಈ ಹಗುರ ಕಾರು ಗಿರಕಿ ಹೊಡೆಯುವುದಿಲ್ಲವೇ?

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಈ ಇಡೀ ಚರ್ಚೆಯ ಅತ್ಯಂತ ಮುಖ್ಯ ಪ್ರಶ್ನೆಗಳಲ್ಲಿ ಇದೊಂದು, ಕೇಳಿದ್ದಕ್ಕೆ ಧನ್ಯವಾದ. ಹೌದು, ಹೊಡೆಯುತ್ತದೆ. ಎಬಿಎಸ್ ಇಲ್ಲದ ಹಿಂಬದಿ ಚಾಲನೆಯ ಕಾರಿನಲ್ಲಿ ಪೆಡಲ್ ಪೂರ್ತಿ ಬಿಟ್ಟಾಗ ಬರುವ ಹಿಡಿತವನ್ನು ಹಳೆಯ ಇಂಜಿನ್ನಿನ ಹಿಡಿತದಷ್ಟೇ ಇಡಬೇಕು. ಒಂದೇ ಪೆಡಲಿನಲ್ಲಿ ಕಾರು ನಿಲ್ಲಿಸುವ ಆಧುನಿಕ ಅಭ್ಯಾಸ ಇಲ್ಲಿಗೆ ಸಲ್ಲದು. ಇನ್ನೊಂದು ಮಾತು: ಮೋಟಾರಿನ ಹಿಡಿತದಿಂದ ಕಾರಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1.3 ಮೀಟರಿಗಿಂತ ಹೆಚ್ಚು ಇಳಿಯುವುದಾದರೆ ಹಿಂದಿನ ಬ್ರೇಕ್ ದೀಪ ಉರಿಯಲೇಬೇಕೆಂಬುದು ಯುರೋಪಿನ ಬ್ರೇಕ್ ನಿಯಮ. ಅದಕ್ಕಿಂತ ಕೆಳಗೇ ಇಟ್ಟರೆ ಆ ತೊಡಕೂ ಇಲ್ಲ, ಹಿಂದಿನ ಚಕ್ರ ಜಾರುವ ಭಯವೂ ಇಲ್ಲ.

ಬ್ರೇಕ್ ಬೂಸ್ಟರಿಗೆ ಇಂಜಿನ್ನಿನ ನಿರ್ವಾತ ಇನ್ನು ಸಿಗುವುದಿಲ್ಲ. ವಿದ್ಯುತ್ ನಿರ್ವಾತ ಪಂಪೊಂದು ಬೇಕು. ಹೀಟರಿಗೆ ಬಿಸಿನೀರಿಲ್ಲ, ಹೈ ವೋಲ್ಟೇಜಿನ ಹೀಟರ್ ಎಲಿಮೆಂಟ್ ಹಾಕಬೇಕು. ಇಂಗ್ಲೆಂಡಿನ ಚಳಿಯಲ್ಲಿ ಗಾಜಿನ ಮಂಜು ಕರಗಿಸಲು ಅದು ಬೇಕೇ ಬೇಕು.

—

ಕೋಶ_ಮತ್ತು_ಕಾವು (ಬೆಂಗಳೂರು)

ಸುರಕ್ಷತೆಯ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ಮತ್ತೆ ಬಂದೆ. ಪೂರ್ತಿ ತುಂಬಿದ ಈ ಬ್ಯಾಟರಿ 400 ವೋಲ್ಟ್ ಮುಟ್ಟುತ್ತದೆ. ನೇರ ವಿದ್ಯುತ್ತಿನ 400 ವೋಲ್ಟ್ ತಗುಲಿದರೆ ಕೈ ಬಿಡಿಸಿಕೊಳ್ಳಲು ಆಗದೆ ಹೋಗಬಹುದು. 12 ವೋಲ್ಟಿನ ಋಣ ತುದಿ ಕಾರಿನ ಮೈಗೆ ಜೋಡಿರುತ್ತದೆ. ಹೈ ವೋಲ್ಟೇಜಿನ ಎರಡು ತುದಿಗಳಲ್ಲಿ ಯಾವುದೂ ಮೈಗೆ ತಾಗಬಾರದು. ತಾಗಿದೆಯೇ ಎಂದು ಸದಾ ಅಳೆಯುವ ಇನ್ಸುಲೇಷನ್ ಮಾನಿಟರನ್ನು ತಪ್ಪದೆ ಹಾಕಿ. ಲೀಫ್‌ನ ಪ್ಯಾಕನ್ನು ಬಿಚ್ಚುವ ಮುನ್ನ ಅದರ ಮಧ್ಯದಲ್ಲಿರುವ ಸರ್ವಿಸ್ ಪ್ಲಗ್ ಎಳೆದು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಆಗ ಸರಣಿ ಎರಡು ತುಂಡಾಗುತ್ತದೆ, ಆದರೂ ಪ್ರತಿ ತುಂಡೂ ಅಪಾಯದ್ದೇ. 1,000 ವೋಲ್ಟಿನ ರಬ್ಬರ್ ಕೈಗವಸು, ಇನ್ಸುಲೇಷನ್ ಇರುವ ಸ್ಪ್ಯಾನರ್. ಉಂಗುರ, ಗಡಿಯಾರ, ಕೊರಳ ಸರ ತೆಗೆದಿಡಿ. ಒಬ್ಬರೇ ಇದ್ದಾಗ ಈ ಕೆಲಸ ಮಾಡಬೇಡಿ.

ಪ್ರೀಚಾರ್ಜ್ ಎಂಬ ಹಂತವನ್ನು ಹತ್ತಿರದಿಂದ ತಿಳಿದುಕೊಳ್ಳಿ. ಇನ್ವರ್ಟರಿನ ಒಳಗೆ ಸುಮಾರು 1 ಮಿಲಿಫ್ಯಾರಡ್‌ನ ಕೆಪಾಸಿಟರ್ ಇದೆ. ಅದು ಖಾಲಿಯಿರುವಾಗ ಮುಖ್ಯ ಕಾಂಟ್ಯಾಕ್ಟರ್, ಅಂದರೆ ಬ್ಯಾಟರಿಯನ್ನು ಜೋಡಿಸುವ ದೊಡ್ಡ ವಿದ್ಯುತ್ ಸ್ವಿಚ್, ಮುಚ್ಚಿದರೆ ಕ್ಷಣಕಾಲ ಸಾವಿರಾರು ಆಂಪಿಯರ್ ನುಗ್ಗಿ ಕಾಂಟ್ಯಾಕ್ಟರಿನ ತುಟಿಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಕೀಲಿ ತಿರುಗಿಸಿ ಆರಿಸಿದರೂ ಅದು ಬಿಡುವುದಿಲ್ಲ. ಅದಕ್ಕೇ ಮೊದಲು 100 ಓಮ್‌ನ ರೆಸಿಸ್ಟರಿನ ದಾರಿಯಲ್ಲಿ ಚಿಕ್ಕ ರಿಲೇ ಮುಚ್ಚಬೇಕು. ಆಗ ಹರಿಯುವುದು 4 ಆಂಪಿಯರ್ ಮಾತ್ರ. ಅರ್ಧ ಸೆಕೆಂಡಿನಲ್ಲಿ ಕೆಪಾಸಿಟರ್ ಹೆಚ್ಚುಕಡಿಮೆ ತುಂಬುತ್ತದೆ. ಎರಡೂ ಕಡೆಯ ವೋಲ್ಟೇಜ್ ಸಮವಾಯಿತೆಂದು ಅಳೆದು ನೋಡಿದ ಮೇಲೆಯೇ ಮುಖ್ಯ ಕಾಂಟ್ಯಾಕ್ಟರ್ ಮುಚ್ಚಬೇಕು. ಸಮಯ ಎಣಿಸಿ ಮುಚ್ಚುವುದು ಸಾಲದು. ರೆಸಿಸ್ಟರ್ ಸುಟ್ಟುಹೋಗಿದ್ದರೆ ಸಮಯ ಸುಳ್ಳು ಹೇಳುತ್ತದೆ, ವೋಲ್ಟೇಜ್ ಹೇಳುವುದಿಲ್ಲ.

—

ಮಲೆನಾಡು_ಮಳೆ (ಶಿವಮೊಗ್ಗ)

ಎಲ್ಲವನ್ನೂ ಆಸಕ್ತಿಯಿಂದ ಓದಿದೆ. ನಮ್ಮ ಮನೆಯಲ್ಲಿ ಸ್ಯಾನ್ ಸ್ಟಾರ್ಮ್ ಇದೆ. ನೆನಪಿರುವವರು ಕಡಿಮೆ: ಫೈಬರ್ ಮೈಯ, ಎರಡೇ ಸೀಟಿನ, ಮೇಲ್ಛಾವಣಿ ತೆರೆಯುವ ಭಾರತದ್ದೇ ಕಾರು, ರೆನೋದ 1.2 ಲೀಟರ್ ಇಂಜಿನ್. ಬಿಡಿಭಾಗ ಸಿಗದೆ ಕೊಟ್ಟಿಗೆಯಲ್ಲಿ ನಿಂತಿದೆ. ಇದನ್ನು ಹೀಗೆ ಪರಿವರ್ತಿಸಲು ಇಲ್ಲಿ ಕಾನೂನು ಬಿಡುತ್ತದೆಯೇ?

—

ಕೋಶ_ಮತ್ತು_ಕಾವು (ಬೆಂಗಳೂರು)

ಕಷ್ಟ. ಭಾರತದಲ್ಲಿ ವಿದ್ಯುತ್ ಪರಿವರ್ತನೆಗೆ ಎಐಎಸ್-123 ಎಂಬ ಮಾನದಂಡವಿದೆ. ಆದರೆ ಅದು ಒಪ್ಪಿಗೆ ಕೊಡುವುದು ಕಿಟ್‌ಗೆ. ಕಿಟ್ ತಯಾರಕರು ನಿರ್ದಿಷ್ಟ ಮಾದರಿಯ ಕಾರಿಗೆಂದು ಅದನ್ನು ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಇಂಧನದ ಬದಲಾವಣೆ, ವಿಮೆಯವರಿಗೆ ತಿಳಿಸುವುದು. ಸ್ಯಾನ್ ಸ್ಟಾರ್ಮ್‌ನಂಥ ಅಪರೂಪದ ಕಾರಿಗೆ ಯಾವ ತಯಾರಕರೂ ಆ ಖರ್ಚು ಮಾಡುವುದಿಲ್ಲ. ಒಪ್ಪಿಗೆಯಿಲ್ಲದೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆ ನಿಲ್ಲುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ಸಂಕಟ.

ಒಂದೊಂದೇ ಕಾರನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪುವ ದಾರಿ ನಮ್ಮಲ್ಲೂ ಬರಬೇಕು. ಆಸ್ಟ್ರೇಲಿಯಾದಲ್ಲಿ ಮಾನ್ಯತೆ ಪಡೆದ ಇಂಜಿನಿಯರರು ಕಾರನ್ನು ಖುದ್ದು ಪರೀಕ್ಷಿಸಿ ಸಹಿ ಹಾಕುತ್ತಾರೆ. ಕೈಕೆಲಸ ಬಲ್ಲವರು ನಮ್ಮಲ್ಲಿ ಎಷ್ಟೊಂದು ಜನರಿದ್ದಾರೆ! ಅವರಿಗೆ ನೆಟ್ಟಗಿನ ದಾರಿಯೇ ಇಲ್ಲದಂತಾಗಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಇಂಗ್ಲೆಂಡಿನ ಕಡೆಯದ್ದು ಸುಲಭ. ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ತಿಳಿಸಿ ವಿ5ಸಿ ಎಂಬ ನೋಂದಣಿ ಪತ್ರದಲ್ಲಿ ಇಂಧನದ ವಿವರ ಬದಲಿಸಬೇಕು, ಮಾಡಿದ ಕೆಲಸಕ್ಕೆ ದಾಖಲೆ ಬೇಕು. ಫೋಟೋ, ಬಿಲ್ಲು ಎಲ್ಲವನ್ನೂ ಮೊದಲ ದಿನದಿಂದ ಇಟ್ಟುಕೊಳ್ಳಿ. ವಿಮೆ ಕಂಪನಿಯೊಂದಿಗೆ ಕೆಲಸ ಆರಂಭಿಸುವ ಮುನ್ನವೇ ಮಾತಾಡಿ. ವಿ5ಸಿ ಬದಲಾದ ಮೇಲೂ ಯುಲೆಜ್ ದಾಖಲೆಯಲ್ಲಿ ಕಾರು ಪೆಟ್ರೋಲ್ ಎಂದೇ ಉಳಿದಿದೆಯೇ ನೋಡಿಕೊಳ್ಳಿ. ಅಲ್ಲಿ ಸರಿಯಾಗುವವರೆಗೆ ವಲಯದೊಳಗೆ ಹೋಗಬೇಡಿ.

ಮತ್ತೊಂದು ಕೆಲಸ ಈ ವಾರವೇ ಮಾಡಿ. ಇಂಜಿನ್ ಇಳಿಸುವ ಮೊದಲು ನಾಲ್ಕೂ ಚಕ್ರಗಳ ಕೆಳಗೆ ತೂಕದ ಯಂತ್ರವಿಟ್ಟು ಅಳೆಯಿರಿ. ಇಳಿಸಿದ ಪ್ರತಿ ವಸ್ತುವನ್ನೂ ತೂಗಿ ಬರೆದಿಡಿ.

—

ತೆರೆದ_ಮಾಡು (ಸ್ಲೌ)

ತೂಗಿಸಿದೆ, ಮೇಷ್ಟ್ರೇ. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗ ಮುಂದಿನ ಚಕ್ರಗಳ ಮೇಲೆ 502 ಕೆ.ಜಿ., ಹಿಂದೆ 458. 40ರ ಲೀಫ್ ಒಂದು ಸಿಕ್ಕಿದೆ. ಮುಂಭಾಗ ಜಜ್ಜಿದೆ, ಬ್ಯಾಟರಿಗೆ ಪೆಟ್ಟಿಲ್ಲ, ಎಲ್ಲ ಕೋಶಗಳ ವೋಲ್ಟೇಜ್ ಒಂದೇ ಸಮನಾಗಿದೆ. 24 ಮಾಡ್ಯೂಲುಗಳಲ್ಲಿ ಎಷ್ಟು ಮುಂದೆ, ಎಷ್ಟು ಹಿಂದೆ?

—

ಇನ್ವರ್ಟರ್_ಮೇಷ್ಟ್ರು (ಕೊವೆಂಟ್ರಿ)

ಹಿಂದೆ ಒಂಬತ್ತು, ಮುಂದೆ ಹದಿನೈದು.

ಟ್ಯಾಂಕಿನ ಗೂಡಿನಲ್ಲಿ ಪೆಟ್ಟಿಗೆಯ ಗೋಡೆ, ತಂತಿ ಎಲ್ಲ ಕಳೆದು ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಂಬತ್ತು ಮಾಡ್ಯೂಲು 78 ಕೆ.ಜಿ., ಪೆಟ್ಟಿಗೆ 15, ಚಾರ್ಜರ್ 16. ಅಲ್ಲಿಂದ ಹೋಗುವುದು ಟ್ಯಾಂಕು, ಪೆಟ್ರೋಲು, ಸೈಲೆನ್ಸರ್, ಬಿಡಿ ಚಕ್ರ ಸೇರಿ ಸುಮಾರು 70. ಹಿಂದೆ 40 ಕೆ.ಜಿ. ಹೆಚ್ಚುತ್ತದೆ. ಮುಂದೆ ಹದಿನೈದು ಮಾಡ್ಯೂಲು 130, ಮೋಟಾರು 58, ಇನ್ವರ್ಟರ್ 17, ಪೆಟ್ಟಿಗೆ ಮತ್ತು ಆಧಾರಗಳು 25. ಇಂಜಿನ್, ಕ್ಲಚ್, ರೇಡಿಯೇಟರ್, ಎಕ್ಸಾಸ್ಟ್‌ನ ಮುಂಭಾಗ, ನೀರು, ಎಣ್ಣೆ ಎಲ್ಲ ಸೇರಿ ಹೋಗುವುದು 175ರ ಆಸುಪಾಸು. ಮುಂದೆ 55 ಹೆಚ್ಚು.

ಅಂದರೆ ಮುಂದೆ 557, ಹಿಂದೆ 498, ಒಟ್ಟು 1,055 ಕೆ.ಜಿ. ಮುಂಭಾಗದ ಪಾಲು ಶೇ 52.3 ಇದ್ದದ್ದು ಶೇ 52.8 ಆಗುತ್ತದೆ. ಒಬ್ಬ ದಪ್ಪನೆಯ ಪ್ರಯಾಣಿಕರು ಹತ್ತಿ ಕೂತರೆ ಕಾರಿಗೆ ಎಷ್ಟು ಭಾರವೋ ಹೆಚ್ಚುಕಡಿಮೆ ಅಷ್ಟು. ಕಾರಿನ ಫಲಕದ ಮೇಲೆ ಬರೆದಿರುವ ಗರಿಷ್ಠ ಭಾರವನ್ನು ಇದರೊಂದಿಗೆ ತಾಳೆ ನೋಡಿ. ಸ್ಪ್ರಿಂಗುಗಳನ್ನು ಈಗಲೇ ಬದಲಿಸಬೇಡಿ, ಮೊದಲು ಓಡಿಸಿ ನೋಡಿ.

ನಿಮ್ಮ ತೂಕದ ಪಟ್ಟಿ ನನ್ನ ಅಂದಾಜಿಗಿಂತ ಬೇರೆ ಬಂದರೆ ಇಲ್ಲಿ ಹಾಕಿ. ಮುಂದಿನ ಪೆಟ್ಟಿಗೆಯನ್ನು ವೆಲ್ಡ್ ಮಾಡುವುದು ಆಮೇಲೆ.